ಸೂಜಿ ಬಿಟ್ಟ ಗುಣವತಿ

ಗುಣವತಿಯನ್ನು ಮೊದಲ ಸಲ ಕಂಡವರ ಕಣ್ಣು ನೇರವಾಗಿ ಹೋಗುತ್ತಿದ್ದದ್ದು ಅವಳ ಕಿವಿಗೆ. ಹದಿನೇಳು ತುಂಬಿದ, ಬಸದಿಯ ಪೂಜೆಗಳಲ್ಲಿ ರೇಷ್ಮೆ ಲಂಗ ಉಟ್ಟು ಮುಂದಿನ ಸಾಲಿನಲ್ಲೇ ಕೂರುತ್ತಿದ್ದ ಜೈನ ಗೌಡರ ಮನೆಯ ಹುಡುಗಿಯ ಕಿವಿಯಲ್ಲಿ ಓಲೆಯಿಲ್ಲ, ಚಿನ್ನದ ಕಡ್ಡಿಯಿಲ್ಲ, ಅವನ್ನು ಸಿಕ್ಕಿಸುವುದಕ್ಕೆ ಬೇಕಾದ ತೂತು ಕೂಡ ಇಲ್ಲ. ಹೊಸಬರು ಒಂದು ಕ್ಷಣ ಬೆರಗಾಗಿ, ಏನೋ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅವರನ್ನು ಏನಾದರೊಂದು ಕೇಳಿಬಿಟ್ಟಿರುತ್ತಿದ್ದಳು. ನಡೆಯುವಾಗ ತಲೆ ಮುಂದೆ, ಕಾಲು ಹಿಂದೆ. ಗದ್ದೆಯ ಬದುವಿನಲ್ಲಿ ಬಿರಬಿರನೆ ಹೋಗುತ್ತಿದ್ದವಳು ಯಾವುದೋ ಹುಳುವನ್ನೋ ಹೂವನ್ನೋ ಕಂಡು ಹೇಳದೆ ಕೇಳದೆ ನಿಂತುಬಿಡುವುದರಿಂದ ಅವಳ ಹಿಂದೆ ಹೋಗುವವರು ಅವಳಿಗೆ ಡಿಕ್ಕಿ ಹೊಡೆದು ಕೆಸರಿಗೆ ಬೀಳುವುದು ವಾಡಿಕೆಯಾಗಿತ್ತು.

ನಾನು ಅವಳ ಸೋದರಮಾವ. ಸುಲ್ತಾನ್ ಬತ್ತೇರಿಯಲ್ಲಿ ನನ್ನದೊಂದು ಕರಿಮೆಣಸಿನ ವ್ಯಾಪಾರ. ಪ್ರೀ-ಡಿಗ್ರಿ ಓದುವಾಗ ಅವಳು ನಮ್ಮ ಮನೆಯಲ್ಲೇ ಇದ್ದದ್ದರಿಂದ ಅವಳ ಪ್ರಶ್ನೆಗಳ ಮಳೆಯಲ್ಲಿ ನಾನು ಸಾಕಷ್ಟು ನೆನೆದವನು. "ಅದು ಹೆಂಗೆ ಮಾವ?" ಎಂಬುದು ಅವಳ ಮಾತಿನ ಆದಿ, ಅಂತ್ಯವನ್ನು ನಾನು ಕಂಡದ್ದಿಲ್ಲ. ವಯನಾಡಿನ ಚಳಿಗೆಂದು ಅವಳು ಹಾಕಿಕೊಳ್ಳುತ್ತಿದ್ದದ್ದು ತೀರಿಹೋದ ಅಜ್ಜನ ಕಪ್ಪು ಉಣ್ಣೆಯ ಕೋಟು. ಅದರ ಆಳವಾದ ಜೇಬುಗಳಲ್ಲಿ ಒಡೆದ ಕಾಫಿಹಣ್ಣು, ಯಾವುದೋ ಹಕ್ಕಿಯ ಎಲುಬು, ಕಾಡಿನಂಚಿನಲ್ಲಿ ಹೆಕ್ಕಿದ ಮುಳ್ಳುಹಂದಿಯ ಮುಳ್ಳು, ಹೀಗೆ ಒಂದು ಪುಟ್ಟ ವಸ್ತುಸಂಗ್ರಹಾಲಯವೇ ಇರುತ್ತಿತ್ತು. ಕೋಟಿನ ಎರಡು ಗುಂಡಿಗಳು ಉದುರಿಹೋಗಿದ್ದವು. ನನ್ನ ಹೆಂಡತಿ ಹೊಲಿದುಕೊಡುತ್ತೇನೆಂದರೆ ಇವಳು ಕೋಟನ್ನು ಎದೆಗೆ ಅವಚಿಕೊಂಡು ಹಿಂದೆ ಸರಿಯುತ್ತಿದ್ದಳು. ಕೊನೆಗೆ ಗುಂಡಿಯ ಜಾಗದಲ್ಲಿ ಬಾಳೆನಾರು ಕಟ್ಟಿಕೊಂಡು ಕಾಲೇಜಿಗೆ ಹೋಗಿಬಂದಳು.

ಇಷ್ಟಾಗಿಯೂ ಅವಳು ಪುಕ್ಕಲಿಯಲ್ಲ. ಪನಮರಂ ಹತ್ತಿರದ ಅವರ ಗದ್ದೆಯಲ್ಲಿ ನಾಟಿಯ ಕಾಲಕ್ಕೆ ಜಿಗಣೆಗಳ ಕಾಟ. ನಮ್ಮವರು ಜಿಗಣೆ ಹತ್ತಿದರೆ ಉಪ್ಪು ಹಾಕುವುದಿಲ್ಲ, ಸುಣ್ಣ ತಾಗಿಸುವುದಿಲ್ಲ. ಅದೂ ಒಂದು ಜೀವವಲ್ಲವೇ ಎಂದು ಉಗುರಿನಿಂದ ಮೆಲ್ಲಗೆ ಬಿಡಿಸಿ ಕಾಲುವೆಗೆ ಬಿಡುತ್ತಾರೆ. ಗುಣವತಿ ಸಣ್ಣವಳಿದ್ದಾಗ ಅಷ್ಟನ್ನೂ ಮಾಡದೆ, ಬದುವಿನ ಮೇಲೆ ಕಾಲು ಚಾಚಿ ಕೂತು, ಹಿಮ್ಮಡಿಗೆ ಕಚ್ಚಿದ್ದ ಜಿಗಣೆಗೆ ತನ್ನ ರಕ್ತವನ್ನು ಹೊಟ್ಟೆತುಂಬ ಕುಡಿಯಲು ಬಿಟ್ಟಿದ್ದಳು. ಅದನ್ನು ಕಂಡ ಅವಳ ಅಜ್ಜಿ, ತಂದೆಯ ತಾಯಿ ಮರುದೇವಮ್ಮನವರ ಕಣ್ಣು ತುಂಬಿ ಬಂತು. "ನಮ್ಮ ಮಗೂಗೆ ಎಂಥಾ ಜೀವದಯೆ ನೋಡ್ರೋ" ಎಂದು ಗದ್ದೆಯವರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ನಾನು ಗುಟ್ಟಾಗಿ ಕೇಳಿದೆ, ಯಾಕೆ ಹಾಗೆ ಕೂತಿದ್ದೆ ಎಂದು. ಅವಳು ಹೇಳಿದಳು: "ಎಷ್ಟು ದಪ್ಪ ಆಗುತ್ತೆ ಅಂತ ನೋಡ್ತಾ ಇದ್ದೆ. ಕುಡಿದಿದ್ನೆಲ್ಲ ಎಲ್ಲಿ ಇಟ್ಕೊಳ್ಳುತ್ತೆ ಮಾವ ಅದು?"

ಕುತೂಹಲವನ್ನು ಧರ್ಮವೆಂದು ಭಾವಿಸುವ ಈ ಅಭ್ಯಾಸ ಆ ಮನೆಯಲ್ಲಿ ಹೀಗೆ ಬೇರೂರಿದ್ದರಿಂದಲೇ ಮುಂದಿನ ದೊಡ್ಡ ಪ್ರಮಾದಕ್ಕೆ ದಾರಿಯಾಯಿತು. ಅವಳಿಗೆ ಹತ್ತು ವರ್ಷವಾದಾಗ ಗುಂಡ್ಲುಪೇಟೆಯ ಕಡೆಯಿಂದ ಕಾಡಿನ ದಾರಿಯಲ್ಲಿ ಕಾಲ್ನಡಿಗೆಯಲ್ಲೇ ಬಂದ ಒಬ್ಬರು ಮಾತಾಜಿ, ಬಿಳಿಯ ಸೀರೆಯ ಸನ್ಯಾಸಿನಿ, ನಮ್ಮ ಬಸದಿಯಲ್ಲಿ ಕೆಲವು ದಿನ ತಂಗಿದರು. ಅಂಥವರು ಬಂದಾಗ ಊರಿನವರು ಅವರೆದುರು ಸಾಲಾಗಿ ಕೂತು, ತಮಗೆ ಪ್ರಿಯವಾದ ಏನನ್ನಾದರೂ ಇಷ್ಟು ಕಾಲ ಬಿಡುತ್ತೇವೆಂದು ನೇಮ ಹಿಡಿಯುವುದು ನಮ್ಮಲ್ಲಿ ರೂಢಿ. ಒಬ್ಬರು ಎಲೆಅಡಿಕೆ ಬಿಟ್ಟರು, ಒಬ್ಬರು ಚಾತುರ್ಮಾಸ ಮುಗಿಯುವವರೆಗೆ ಮೊಸರು ಬಿಟ್ಟರು. ಗುಣವತಿಯ ತಂದೆ, ನನ್ನ ಭಾವ ವಿಮಲನಾಥ ಗೌಡರು, ಬಹಳ ಯೋಚಿಸಿ ಮಧ್ಯಾಹ್ನದ ನಿದ್ದೆ ಬಿಟ್ಟರು. ಅದು ಮರುದಿನವೇ ಅವರನ್ನು ಹುಡುಕಿಕೊಂಡು ಬಂತೆಂಬುದು ಬೇರೆ ಮಾತು. ಸರದಿ ಮಗುವಿನದಾಯಿತು. "ನಾನು ಸೂಜಿ ಬಿಡ್ತೀನಿ" ಎಂದಳು. ಎಷ್ಟು ದಿನಕ್ಕೆಂದು ಮಾತಾಜಿ ಕೇಳಿದರು. "ಸಾಯೋ ತನಕ."

ಚುಚ್ಚುವ ವಸ್ತುವನ್ನೇ ಜೀವಮಾನವಿಡೀ ತ್ಯಜಿಸಿದ ಮಗು! ಅಹಿಂಸೆಯ ಇಂಥ ಸೂಕ್ಷ್ಮ ದೊಡ್ಡವರಿಗೂ ಹೊಳೆದಿರಲಿಲ್ಲ. ಮಾತಾಜಿ ಮಾತ್ರ ಅವಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ತುಟಿಯಂಚಿನಲ್ಲಿ ನಕ್ಕರೋ ಇಲ್ಲವೋ ಎನ್ನುವಂತೆ ನಕ್ಕು, ನವಿಲುಗರಿಯ ಪಿಂಛಿಯನ್ನೆತ್ತಿ ಹರಸಿದರು. ಪಕ್ಕದಲ್ಲಿ ಕೂತಿದ್ದ ಮರುದೇವಮ್ಮನವರು ಆ ವರ್ಷದ ಮಟ್ಟಿಗೆ ಹಲಸಿನಹಣ್ಣು ಬಿಡೋಣವೆಂದು ಲೆಕ್ಕ ಹಾಕಿಕೊಂಡು ಬಂದಿದ್ದವರು. ಮೊಮ್ಮಗಳೇ ಸಾಯುವ ತನಕ ಎಂದ ಮೇಲೆ ತಾನು ಒಂದು ವರ್ಷ ಎನ್ನುವುದು ಹೇಗೆ? ಗಂಟಲು ಸರಿಮಾಡಿಕೊಂಡು, "ನನಗೂ ಸಾಯೋ ತನಕ" ಎಂದುಬಿಟ್ಟರು. ನಾನಾ ಕಾರಣಗಳಿಂದ ಮುಂದೂಡುತ್ತಲೇ ಬಂದಿದ್ದ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮಾರನೆಯ ದಿನ ಅಕ್ಕಸಾಲಿ ಬರುವವನಿದ್ದ. ಅವನಿಗೆ ಎಳನೀರು ಕೊಟ್ಟು ಮರ್ಯಾದೆಯಿಂದ ಹಿಂದಕ್ಕೆ ಕಳಿಸಲಾಯಿತು. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡುವ ಕೆಟ್ಟ ಬುದ್ಧಿ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಅಲ್ಲಿಂದ ಅವಳು ಸೂಜಿ ಬಿಟ್ಟ ಗುಣವತಿ. ಶಾಲೆಯಲ್ಲಿ ರೋಗತಡೆಯ ಚುಚ್ಚುಮದ್ದು ಹಾಕುವ ದಿನ ಭಾವನವರು ಬಿಳಿ ಪಂಚೆ ಉಟ್ಟು ಹೋಗಿ ಹೆಡ್‌ಮಾಸ್ಟರ್ ನಾರಾಯಣನ್ ಅವರಿಗೆ ವ್ರತದ ಮಹತ್ವ ವಿವರಿಸಿ ಬರುತ್ತಿದ್ದರು. ಅವಳ ತಾಯಿ, ನನ್ನ ಅಕ್ಕ ಸರೋಜ, ರವಿಕೆಗೆ ಕೊಕ್ಕೆ ಹಾಕುವುದಿದ್ದರೂ ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಸದಿಗೆ ಬಂದ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ಕರೆತಂದು ಆ ಬರಿಗಿವಿಗಳನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಅವಳಿಗೆ ಮುಜುಗರವಾಗುತ್ತಿತ್ತು, ನಿಜ. ಆದರೆ ಸೂಜಿ ಹತ್ತಿರ ಬರದಂಥ ಮನೆಯಲ್ಲಿ ಇರುವ ಸುಖವೂ ಸಣ್ಣದಲ್ಲ.

ನಿಜವನ್ನು ಅವಳು ಮೊದಲು ಹೇಳಿದ್ದು ನನಗೆ, ಬತ್ತೇರಿಯ ನನ್ನ ಅಂಗಡಿಯ ಮೂಟೆಗಳ ಮೇಲೆ ಕೂತು. ಸೂಜಿ ಕಂಡರೆ ಮೊಣಕಾಲಿನ ಬಲ ಹೋಗುತ್ತದೆ, ಕಿವಿಯಲ್ಲಿ ಜೀರುಂಡೆ ಕೂಗುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಕಾರಣವೇನೆಂದು ಅವಳಿಗೂ ತಿಳಿಯದು. ಹುಳುವನ್ನು ಅಂಗೈಯಲ್ಲಿಟ್ಟು ನೋಡುವಂತೆ ತನ್ನ ಭಯವನ್ನೇ ಇಟ್ಟುಕೊಂಡು ನೋಡಿದ್ದಳು. ನಿಂಬೆಮುಳ್ಳಿಗೆ ಬೆರಳು ಒತ್ತಿ ನೋಡಿದ್ದಳು, ಜೇಬಿನ ಆ ಮುಳ್ಳುಹಂದಿಯ ಮುಳ್ಳಿನಿಂದ ತೋಳನ್ನು ಕೆರೆದು ನೋಡಿದ್ದಳು; ಏನೂ ಆಗಿರಲಿಲ್ಲ. "ಮುಳ್ಳಿಗೆ ನನ್ನ ಮೇಲೆ ಉದ್ದೇಶ ಇಲ್ಲ ಮಾವ" ಎಂದಳು. "ಸೂಜಿ ಹಂಗಲ್ಲ. ಅದು ನನ್ನನ್ನೇ ಹುಡುಕ್ಕೊಂಡು ಬರುತ್ತೆ." ನಾನು ನಕ್ಕೆ. ನಕ್ಕ ಮೇಲೆ ಬಹಳ ದಿನ ಆ ಮಾತು ನನ್ನ ತಲೆಯಲ್ಲೇ ಉಳಿದುಕೊಂಡಿತ್ತು.

ವಯನಾಡು ಪ್ರತ್ಯೇಕ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯವರೆಗೆ ಒಂದು ಭಾಗ ಕಣ್ಣೂರಿಗೂ ಇನ್ನೊಂದು ಭಾಗ ಕಲ್ಲಿಕೋಟೆಗೂ ಸೇರಿ, ಎಲ್ಲ ಕೆಲಸಕ್ಕೂ ಘಾಟಿ ಇಳಿಯಬೇಕಾಗಿದ್ದ ಜನ, ಚಹಾದಂಗಡಿಯ ಮಾತನ್ನೆಲ್ಲ "ಜಿಲ್ಲೆ ಬಂತಲ್ಲ" ಎಂದೇ ಶುರುಮಾಡುತ್ತಿದ್ದ ಕಾಲ. ಜಿಲ್ಲೆ ಬಂತಲ್ಲ, ಕಲೆಕ್ಟರು ಬಂದರಲ್ಲ, ಇನ್ನು ಡಾಕ್ಟರು ಬರಬೇಕಲ್ಲ ಎನ್ನುವಷ್ಟರಲ್ಲಿ ಗುಣವತಿಗೆ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿಬಿಟ್ಟಿತು. ಅರ್ಜಿ ಹಾಕುವಾಗ ಯಾರೂ ಇದನ್ನು ನಿಜವೆಂದು ನಂಬಿರಲಿಲ್ಲ; ಅವಳ ಅಂಕಗಳು ನಂಬಿದ್ದವು. ಸೇರುವುದಕ್ಕೆ ಉಳಿದಿದ್ದದ್ದು ಕೆಲವೇ ವಾರಗಳು.

ಸುದ್ದಿ ಕೇಳಿ ಕೆಲವು ದಿನ ಉಳಿಯಲೆಂದು ನಾನು ಹೋಗಿದ್ದ ಪನಮರಂನ ಮನೆಯ ಜಗುಲಿಯಲ್ಲಿ ವಾದ ಕಾವೇರಿತು. "ಸಾಯೋ ತನಕ ಅಂದವಳೆ" ಎಂದರು ಮರುದೇವಮ್ಮ. "ಸೂಜಿ ಮುಟ್ಟದ ಡಾಕ್ಟರು ಯಾವ ಲೋಕದಲ್ಲಿದಾರೆ? ಟೀಚರ್ ಆಗ್ಲಿ. ಹೊಸ ಜಿಲ್ಲೆಗೆ ಟೀಚರೂ ಬೇಕು." ಪಕ್ಕದ ತೋಟದ ಶ್ರೀಧರನ್, ನಮ್ಮಂತೆಯೇ ಕನ್ನಡದ ಕಡೆಯಿಂದ ಎಂದೋ ಬಂದು ನೆಲೆಸಿದ ಮನೆತನದವನು, ಸಮಾಧಾನದ ದಾರಿ ಹುಡುಕಿದ: "ಸೂಚಿ ಹಾಕೋದು ಸಿಸ್ಟರ್ ಕೆಲಸ ಅಲ್ವಾ ಗೌಡ್ರೆ? ಡಾಕ್ಟರು ಚೀಟಿ ಬರ್ಕೊಟ್ರೆ ಶರಿಯಾಯ್ತಲ್ಲ." ಭಾವನವರಿಗೆ ಮಗಳು ಡಾಕ್ಟರಾಗುವ ಆಸೆ ಎದೆ ತುಂಬ, ಆದರೆ ಮಾತಾಜಿಯ ಮುಂದೆ ಕೊಟ್ಟ ಮಾತು ಮುರಿಸಿದ ಪಾಪ ತಮ್ಮ ತಲೆಗೆ ಬರುತ್ತದೆಂಬ ಅಳುಕು. ಎಲ್ಲರೂ ವ್ರತವನ್ನು ಮುರಿಯಬಹುದೇ ಎಂದು ಚರ್ಚಿಸುತ್ತಿದ್ದರೇ ಹೊರತು ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ.

ಅವಳು ಕಂಬಕ್ಕೊರಗಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳ ಕಷ್ಟ ನನಗೊಬ್ಬನಿಗೇ ಗೊತ್ತಿತ್ತು. ವ್ರತದ ಹೆಸರು ಹೇಳಿ ಸುಮ್ಮನಾದರೆ ಸಾಕು. ಸೀಟನ್ನೂ ಬಿಟ್ಟ ಮಹಾತಾಯಿ ಎಂದು ಕೀರ್ತಿ ಇಮ್ಮಡಿಯಾಗುತ್ತದೆ, ಸೂಜಿಯೂ ತಪ್ಪುತ್ತದೆ. ತಪ್ಪಿಸಿಕೊಳ್ಳುವುದಕ್ಕೆ ಇಷ್ಟು ಗೌರವದ ಬಾಗಿಲು ಎಲ್ಲರಿಗೂ ಸಿಕ್ಕುವುದಿಲ್ಲ. ಆದರೆ ಆ ಬಾಗಿಲಿನಾಚೆ ಹೋದರೆ ಅವಳು ಜೀವಮಾನವಿಡೀ ತಿಳಿಯಬೇಕೆಂದುಕೊಂಡದ್ದು ಈಚೆಯೇ ಉಳಿಯುತ್ತಿತ್ತು. ಅವಳನ್ನು ಹಿತ್ತಲಿಗೆ ಕರೆದು, ನಿನಗೇನು ಬೇಕು ಎಂದೆ. "ಮನುಷ್ಯನ ಒಳಗೆ ಏನೇನಿದೆ ಅಂತ ಬೇರೆ ಎಲ್ಲೂ ತೋರ್ಸಲ್ಲ ಮಾವ" ಎಂದಳು. ಕಣ್ಣಲ್ಲಿ ನೀರಿತ್ತು. "ನೋಡಬೇಕು ಅಂತ ಎಷ್ಟು ಆಸೆ ಇದೆಯೋ ಅಷ್ಟೇ ಪೇಡಿ." ಮಲಯಾಳದ ಪೇಡಿ ಎಂಬ ಆ ಮಾತು ನಮ್ಮ ಬಾಯಲ್ಲಿ ಹೆದರಿಕೆ ಎನ್ನುವುದಕ್ಕಿಂತಲೂ ಆಳಕ್ಕೆ ಇಳಿದಿದೆ.

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಹರಕೆ ಹೊರುತ್ತಿದ್ದರು. ಇವಳು ಭಯವನ್ನು ಪರೀಕ್ಷಿಸಲು ಹೊರಟಳು. ಪೇಟೆಗೆ ಹೋಗಿಬರುತ್ತೇವೆಂದು ಮನೆಯಲ್ಲಿ ಹೇಳಿ, ನನ್ನನ್ನು ಜೊತೆಗೆ ಕರೆದುಕೊಂಡು ಪನಮರಂನ ಒಂದು ಸಣ್ಣ ಆಸ್ಪತ್ರೆಗೆ ಹೋಗಿ, ಅಲ್ಲಿನ ನರ್ಸ್ ನಳಿನಿಯನ್ನು, ಚುಚ್ಚುಮದ್ದು ಕೊಡುವ ಕೋಣೆಯಲ್ಲಿ ಬೆಳಗಿನ ಹೊತ್ತು ನಿಲ್ಲಲು ಬಿಡುತ್ತೀರಾ ಎಂದು ಕೇಳಿದಳು. ಮೊದಲ ದಿನ ನಳಿನಿ ಸಿಸ್ಟರ್ ಕುದಿಯುವ ನೀರಿನ ತಟ್ಟೆಯಿಂದ ಸೂಜಿಯನ್ನು ಚಿಮಟದಲ್ಲಿ ಎತ್ತಿದ್ದೇ ತಡ, ನಮ್ಮ ಭಾವೀ ಡಾಕ್ಟರು ಔಷಧದ ಕಪಾಟಿಗೆ ಒರಗಿ ಕೆಳಗಿಳಿದುಬಿಟ್ಟಳು. ಮುಖಕ್ಕೆ ನೀರು ಚಿಮುಕಿಸುತ್ತ ಸಿಸ್ಟರ್ ಮಲಯಾಳದಲ್ಲಿ ಮಗಳೇ ಎಂದು ಕರೆದು ನಕ್ಕಳು. "ಮೋಳೆ, ನೀನು ಡಾಕ್ಟರ್ ಆಗೋದು ಆಮೇಲೆ. ಮೊದ್ಲು ನನ್ನ ಕಪಾಟು ಉಳ್ಸು."

ಮರುದಿನ ಮತ್ತೆ ಹೋದಳು. ಈ ಸಲ ಒಳಗೆ ನಿಲ್ಲದೆ ಬಾಗಿಲ ಬಳಿ ನಿಂತು, ತೋಳು ಉಜ್ಜಿಕೊಳ್ಳುತ್ತ ಹೊರಬರುವ ಒಬ್ಬೊಬ್ಬರನ್ನೂ ತಡೆದು ವಿಚಾರಿಸಿದಳು: "ಯಾವಾಗ ಪೇಡಿ ಜಾಸ್ತಿ? ಚುಚ್ಚೋಕೆ ಮುಂಚೆನಾ, ಚುಚ್ಚುವಾಗಲಾ, ಆಮೇಲಾ?" ಬಹಳ ಮಂದಿ, ಮುಂಚೆಯೇ ಎಂದರು. ಚೇಕಾಡಿಯಿಂದ ಬಂದಿದ್ದ ಕರಿಯನ್ ಎಂಬ ಮುದುಕ ಮಾತ್ರ ಅವಳನ್ನು ದುರುಗುಟ್ಟಿ ನೋಡಿದ. "ಚುಚ್ಚಿದಾಗ ಏನೂ ಆಗ್ಲಿಲ್ಲ. ನೀನು ಕೇಳಿದ್ಮೇಲೆ ನೋಯ್ತಾ ಇದೆ" ಎಂದು ಗೊಣಗಿಕೊಂಡು ಹೋದ. ಹೀಗೆ ಕೆಲವು ಬೆಳಗುಗಳು ಕಳೆದ ಮೇಲೆ ಅವಳು ತನ್ನ ಭಯದ ಮನೆಯನ್ನು ಪತ್ತೆಹಚ್ಚಿದಳು. ಅದು ಇರುವುದು ಸೂಜಿಯಲ್ಲೂ ಅಲ್ಲ, ಚರ್ಮದಲ್ಲೂ ಅಲ್ಲ, ಎರಡರ ನಡುವಿನ ಗಾಳಿಯಲ್ಲಿ. "ಒಳಗೆ ಹೋದ್ಮೇಲೆ ನಾನು ನೋಡ್ಬಲ್ಲೆ ಮಾವ. ಬರೋ ದಾರೀಲಿ ಇರುವಾಗಲೇ ಕಾಲು ಹೋಗೋದು." ಪತ್ತೆಯಾಯಿತೆಂದು ಭಯ ಮನೆ ಖಾಲಿ ಮಾಡಲಿಲ್ಲ. ಅದಿದ್ದ ಹಾಗೇ ಇತ್ತು.

ಅಷ್ಟರಲ್ಲಿ ಮರುದೇವಮ್ಮನವರು ತಮ್ಮಷ್ಟಕ್ಕೇ ಒಂದು ತೀರ್ಮಾನಕ್ಕೆ ಬಂದಿದ್ದರು. ಒಂದು ದಿನ, ಹೊತ್ತು ಮುಳುಗುವ ಮುನ್ನ ಎಲ್ಲರೂ ಊಟಕ್ಕೆ ಕೂತಾಗ, ಬರುವ ಭಾನುವಾರ ಬಸದಿಯಲ್ಲಿ ಪೂಜೆ ಇಟ್ಟುಕೊಂಡಿದ್ದೇನೆ, ವ್ರತಕ್ಕಾಗಿ ಡಾಕ್ಟರ್ ಸೀಟನ್ನೇ ಬಿಟ್ಟ ಮೊಮ್ಮಗಳನ್ನು ಹತ್ತು ಜನ ನೋಡಲಿ ಎಂದರು. ಭಾವನವರು ತಲೆ ತಗ್ಗಿಸಿದರು. ಗುಣವತಿ ತಟ್ಟೆಯಿಂದ ಕೈ ತೆಗೆದಳು.

"ಅಜ್ಜಿ, ಪೂಜೆ ಬೇಡ" ಎಂದಳು. "ಅದು ವ್ರತ ಅಲ್ಲ. ಪೇಡಿ."

"ಎಂಥ ಪೇಡಿ?"

"ಸೂಜಿ ಪೇಡಿ. ಮಾರನೇ ದಿನ ಅಕ್ಕಸಾಲಿ ಬರೋನಿದ್ದ. ಅದಕ್ಕೇ ಹಂಗಂದೆ."

ಸರೋಜಕ್ಕ, ಇದೆಲ್ಲ ಎಂದೋ ಗೊತ್ತಿದ್ದವಳಂತೆ, ಎಲ್ಲರ ತಟ್ಟೆಗೂ ಮಜ್ಜಿಗೆ ಬಡಿಸುತ್ತ ಹೋದಳು. ಆಮೇಲೆ ಮರುದೇವಮ್ಮನವರು ನಿಧಾನವಾಗಿ ಕೇಳಿದರು: "ಹಂಗಾದ್ರೆ ನನ್ನ ಹಲಸು? ಏಳು ವರ್ಷದಿಂದ ಹಲಸಿನ ಕಾಲ ಬಂದ್ರೆ ಮೂಗು ಮುಚ್ಕೊಂಡು ಕೂತಿದ್ದೀನಲ್ಲೇ!" ಭಾವನವರು ನಗು ತಡೆಯಲಾಗದೆ ಎದ್ದು ಅಂಗಳಕ್ಕೆ ಹೋದರು. ಮುದುಕಿ ನಗಲಿಲ್ಲ. ಏಳು ವರ್ಷ ಬಸದಿಯ ಮೆಟ್ಟಿಲ ಮೇಲೆ ಕೂತು ಯಾರ ಗುಣಗಾನ ಮಾಡಿದ್ದರೋ ಆ ಮೊಮ್ಮಗಳು ಒಂದು ಮಾತಿನಲ್ಲಿ ಇಲ್ಲವಾಗಿದ್ದಳು. ಊಟ ಬಿಟ್ಟು ಒಳಗೆ ಹೋದರು. ಗುಣವತಿ ಅಂದು ಅತ್ತಷ್ಟು ಎಂದೂ ಅತ್ತದ್ದನ್ನು ನಾನು ನೋಡಿಲ್ಲ. ಹೆಸರು ಹೋದದ್ದಕ್ಕಲ್ಲ, ಅಜ್ಜಿಯ ಮುಖ ನೋಡಿ.

ಎರಡು ದಿನ ಅಜ್ಜಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಬಟ್ಟೆಯಲ್ಲಿ ನೀರು ಸೋಸುತ್ತ, ತಲೆ ಎತ್ತದೆಯೇ ಕೇಳಿದರು.

"ಈಗ ಹೋಗಿದೆಯೇನೇ ಆ ಪೇಡಿ?"

"ಇಲ್ಲ ಅಜ್ಜಿ."

"ಹೋಗದೇ ಇದ್ರೆ?"

"ಗೊತ್ತಿಲ್ಲ. ಅದನ್ನ ಇಟ್ಕೊಂಡೇ ಓದೋಕೆ ಆಗುತ್ತಾ ಅಂತ ನೋಡ್ಬೇಕು."

ಮರುದೇವಮ್ಮ ಸೋಸುವ ಬಟ್ಟೆಯನ್ನು ಹಿಂಡಿ ಹರವಿದರು. "ನಿಂದು ಪೇಡಿ ಇರಬಹುದು. ನಂದು ವ್ರತವೇ. ನಾನು ಹಲಸು ತಿನ್ನಲ್ಲ" ಎಂದರು ಬಿಗಿಯಾಗಿ. ಬಟ್ಟೆಯ ಅಂಚು ಎಳೆಯುತ್ತ ಮುಂದುವರಿಸಿದರು: "ಕಾಲೇಜಿಗೆ ಸೇರೋ ಮುಂಚೆ ಏನೋ ಇಂಜೆಕ್ಷನ್ ಹಾಕ್ಸ್ಕೊಂಡು ಹೋಗ್ಬೇಕಂತಲ್ಲ. ಆಶುಪತ್ರಿಗೆ ನಾನೂ ಬರ್ತೀನಿ. ಬಿದ್ರೆ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಇಂಜೆಕ್ಷನ್ ಹಾಕಿಸುವ ದಿನ ಅವಳು ನಳಿನಿ ಸಿಸ್ಟರ್ ಕೋಣೆಯ ಸ್ಟೂಲಿನ ಮೇಲೆ ಕೂತಳು. ಅಜ್ಜಿ ಹಿಂದೆ ನಿಂತು ಕಣ್ಣು ಬಿಗಿಯಾಗಿ ಮುಚ್ಚಿ ಪಂಚನಮಸ್ಕಾರ ಮಂತ್ರ ಹೇಳತೊಡಗಿದರು. ಇಲ್ಲಿ ಬಿದ್ದರೆ, ಕೂಗಿ ಕೈ ಕಿತ್ತುಕೊಂಡರೆ, ಅವಳು ಕಲ್ಲಿಕೋಟೆಗೆ ಹೋಗುವುದಿಲ್ಲವೆಂದು ನನಗೆ ಖಚಿತವಾಗಿತ್ತು, ಅವಳಿಗೂ. ನಳಿನಿ ಸಿಸ್ಟರ್ ಸೂಜಿ ಎತ್ತಿದಾಗ ಗುಣವತಿಯ ಮುಖ ಸುಣ್ಣದಂತಾಯಿತು, ಹಣೆಯಲ್ಲಿ ಬೆವರು ಮೂಡಿತು. ಕಣ್ಣು ಮುಚ್ಚಿಕೋ ಎಂದು ಸಿಸ್ಟರ್ ಹೇಳಿದಳು.

"ಬೇಡ. ಮೆಲ್ಲಗೆ ತನ್ನಿ" ಎಂದಳು ಗುಣವತಿ, ಹಲ್ಲು ಕಟಕಟಿಸುತ್ತ. "ನೋಡ್ಬೇಕು."

"ಎಲ್ಲರೂ ಬೇಗ ಮುಗಿಸು ಅಂತಾರೆ. ನೀನೊಬ್ಬಳೇ ಮೆಲ್ಲಗೆ ಅನ್ನೋಳು."

ಸೂಜಿ ಬಂತು. ಅವಳು ರೆಪ್ಪೆ ಬಡಿಯಲಿಲ್ಲ. ಅವಳ ಇಡೀ ಮೈ ಹಿಂದಕ್ಕೆ ಸರಿಯುತ್ತಿತ್ತು, ಕುತ್ತಿಗೆ ಮಾತ್ರ ಮುಂದಕ್ಕೆ ಚಾಚುತ್ತಿತ್ತು. ತೀರ ಸಣ್ಣ ದನಿಯಲ್ಲಿ, ತನಗೆ ತಾನೇ ಹೇಳಿಕೊಳ್ಳುವಂತೆ, "ಚರ್ಮ ಮೊದ್ಲು ಒಳಗೆ ಬಗ್ಗುತ್ತೆ... ಆಮೇಲೆ ಬಿಟ್ಕೊಡುತ್ತೆ" ಎಂದಳು. ಸಿಸ್ಟರ್ ಸೂಜಿ ತೆಗೆದು ಹತ್ತಿ ಒತ್ತಿದ ಮೇಲೆ, ಎಲ್ಲವೂ ಮುಗಿದ ಮೇಲೆ, ಆರಾಮವಾಗಿ ಅಜ್ಜಿಯ ತೋಳಿಗೆ ಬಿದ್ದು ಮೂರ್ಛೆ ಹೋದಳು. ಎಚ್ಚರವಾದಾಗ ಅವಳ ತಲೆ ಮರುದೇವಮ್ಮನವರ ಮಡಿಲಲ್ಲಿತ್ತು. ಅವರು ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದರು. ಅವಳು ನೀರು ಕೇಳಲಿಲ್ಲ, ಏನಾಯಿತೆಂದು ಕೇಳಲಿಲ್ಲ.

"ಸಿಸ್ಟರ್, ಆ ಮದ್ದು ಈಗ ಎಲ್ಲಿಗೆ ಹೋಗಿರುತ್ತೆ?"

ನಳಿನಿ ಸಿಸ್ಟರ್ ನನ್ನ ಮುಖ ನೋಡಿದಳು, ನಾನು ಅಜ್ಜಿಯ ಮುಖ ನೋಡಿದೆ. "ಇವಳನ್ನ ಕಳ್ಸಿಬಿಡಿ" ಎಂದರು ಮರುದೇವಮ್ಮ, ಅಳುತ್ತ. "ಇಲ್ಲೇ ಇದ್ರೆ ನಮ್ಮನ್ನ ಕೇಳಿ ಕೇಳಿ ಸಾಯ್ಸ್ತಾಳೆ."

ಗುಣವತಿ ಘಾಟಿಯ ಬಸ್ಸು ಹತ್ತಿದಳು. ಊರಿನಲ್ಲಿ ಒಂದಷ್ಟು ಜನ ಅವಳನ್ನು ವ್ರತಗೇಡಿ ಎಂದರು, ಇನ್ನೊಂದಷ್ಟು ಜನ ಧೈರ್ಯಗಾತಿ ಎಂದರು. ನನಗೆ ಎರಡೂ ಸರಿಕಾಣಲಿಲ್ಲ. ಧೈರ್ಯವಂತರು ಭಯವನ್ನು ಗೆದ್ದು ಮುಂದೆ ಹೋಗುತ್ತಾರಂತೆ. ಇವಳಂಥವರು ಏನನ್ನೂ ಗೆಲ್ಲುವುದಿಲ್ಲ. ಅವರ ಮೊಣಕಾಲಿಗಿಂತ ಅವರ ಕಣ್ಣು ಹೆಚ್ಚು ಹಟಮಾರಿ, ಅಷ್ಟೇ. ಮೈ ಓಡಿಹೋಗೋಣವೆನ್ನುತ್ತಿರುವಾಗ ತಡಿ, ಇನ್ನೊಂದು ಚೂರು ನೋಡೋಣ ಎಂದು ಕಣ್ಣು ಹಿಡಿದು ನಿಲ್ಲಿಸುತ್ತದೆ, ಆ ಒಂದು ಚೂರಿನಲ್ಲಿ ಅವರ ಬದುಕು ತಿರುಗಿಕೊಳ್ಳುತ್ತದೆ. ಇಂಥವರು ಮಹಾವೈದ್ಯರಾಗುತ್ತಾರೋ ಇಲ್ಲವೋ ನಾನರಿಯೆ. ಆದರೆ ಇಂಥವರ ಮುಂದೆ ತೋಳು ಚಾಚಿ ಕೂರುವ ರೋಗಿಗೆ ಒಂದು ಭಾಗ್ಯವಂತೂ ಇದೆ: ಏನೂ ಆಗುವುದಿಲ್ಲ, ನೋಯುವುದಿಲ್ಲ ಎಂಬ ಸುಳ್ಳನ್ನು ಅವರು ಎಂದಿಗೂ ಹೇಳಲಾರರು.